ನಲವತ್ತೊಂದನೆಯ ಸ್ಲೈಡು

ಮಾರ್ಚ್ 3, ಸೋಮವಾರ. ಬೆಳಿಗ್ಗೆ 10

ಮೂವತ್ತೊಂಬತ್ತು ಮುಗಿಯಿತು. ನಲವತ್ತಕ್ಕೆ ಬಣ್ಣ ಸರಿಯಾಗಿ ಹಿಡಿದಿಲ್ಲ, ವಾಪಸ್ ಕಳಿಸಿದೆ. ಕತ್ತು ಹಿಡಿದುಕೊಂಡಿದೆ. ಸ್ಲೈಡಿನ ಮೇಲೆ ಹೆಸರಿಲ್ಲ, ನಂಬರ್ ಮಾತ್ರ. ಯಾರ ಮೆದುಳಿನ ಗೆಡ್ಡೆ ಎಂದು ಎಣಿಸುವವರಿಗೆ ಗೊತ್ತಾಗಬಾರದು. ರಕ್ತನಾಳ ಎಷ್ಟು, ಗೆಡ್ಡೆಯ ಕೋಶಗಳು ಅಂಟಿಕೊಂಡಿರುವ ನಾಳ ಎಷ್ಟು... ಒಂದೊಂದಕ್ಕೆ ಕೈಲಿರುವ ಎಣಿಕೆಯ ಕೌಂಟರ್ ಒಂದು ಸಲ ಟಿಕ್. ನಾನೊಮ್ಮೆ, ಗೂಬೆ ಒಮ್ಮೆ. (ನನ್ನ ಜೊತೆ ಎಣಿಸುವ ಸಹೋದ್ಯೋಗಿ. ದಪ್ಪ ಕನ್ನಡಕ, ಕತ್ತು ಪೂರ್ತಿ ತಿರುಗಿಸಿ ನೋಡುತ್ತಾನೆ. ಹೆಸರಿಟ್ಟವಳು ನಾನೇ.) ಒಬ್ಬರ ಲೆಕ್ಕ ಇನ್ನೊಬ್ಬರು ನೋಡುವಂತಿಲ್ಲ. ಒಂಬತ್ತು ವರ್ಷದಲ್ಲಿ ನಮ್ಮ ಲೆಕ್ಕ ಎರಡು ಮೂರಕ್ಕಿಂತ ಹೆಚ್ಚು ಆಚೀಚೆ ಆದದ್ದಿಲ್ಲ.

ಅಕ್ಕ ಹೋಗಿ ನಾಳೆಗೆ ಐದು ತಿಂಗಳು.

ಮಾರ್ಚ್ 5

ನೋಡಬಾರದ್ದು ನೋಡಿದೆ. ಜೀನ್ ವಿಭಾಗದ ಪಟ್ಟಿ ಪ್ರಿಂಟರ್‌ನಲ್ಲಿ ಬಿದ್ದಿತ್ತು. ಮಗುಚಿ ಇಡಬೇಕಿತ್ತು. ಓದಿದೆ. ನಲವತ್ತೊಂದು — ಎರಡು ಜೀನ್ ದೋಷ ಒಟ್ಟಿಗೆ. ಇಡೀ ಔಷಧ ಟ್ರಯಲ್‌ನಲ್ಲಿ ಆ ಜೋಡಿ ಇದ್ದದ್ದು ಒಬ್ಬರಿಗೇ. ಆ ರಿಪೋರ್ಟ್ ಅಕ್ಕನ ಮನೆಯ ಫ್ರಿಜ್ ಮೇಲೆ ವರ್ಷವಿಡೀ ಅಂಟಿಕೊಂಡಿತ್ತು.

ಸತ್ತ ಮೇಲೆ ಮೆದುಳು ಇಲ್ಲಿಗೇ ಕೊಡಿ ಎಂದು ಅಕ್ಕ ಬರೆದುಕೊಟ್ಟಿದ್ದಳು. ಅದು ನಿಮ್ಮ ಕೈಗೆ ಬರುವುದಿಲ್ಲ ಎಂದು ಲ್ಯಾಬಿನ ಮುಖ್ಯಸ್ಥೆ ಮೇಡಂ ಮಾತು ಕೊಟ್ಟಿದ್ದರು. ನಂಬರ್ ಬಿದ್ದ ಮೇಲೆ ಯಾವುದು ಯಾರದೆಂದು ಮೇಡಂಗಾದರೂ ಹೇಗೆ ಗೊತ್ತಾಗಬೇಕು? ಇಬ್ಬರಿಗೂ ಅದು ಹೊಳೆದಿರಲಿಲ್ಲ. ಇಷ್ಟು ಓದಿದವರು ನಾವು!

ಹೇಳಬೇಕಿತ್ತು. ಹೇಳಲಿಲ್ಲ. ಅವಳನ್ನು ಬೇರೆಯವರ ಕೈಗೆ ಕೊಡಲು ಮನಸ್ಸು ಬರಲಿಲ್ಲ.

ಮಾರ್ಚ್ 6. ಮಧ್ಯಾಹ್ನ

ಎಣಿಸಿದೆ. ಅಂಟಿಕೊಂಡವು ನಾಲ್ಕು. ನಾಲ್ಕೇ. ಉಸಿರು ಬಿಟ್ಟೆ.

ಈ ಔಷಧ ಗೆಡ್ಡೆಯ ಹೊಸ ರಕ್ತನಾಳಗಳನ್ನು ಬತ್ತಿಸುತ್ತದೆ. ಸ್ಕ್ಯಾನಿಗೆಂದು ಚುಚ್ಚಿದ ಬಣ್ಣ ಅವುಗಳಿಂದ ಸೋರುವುದು ನಿಲ್ಲುತ್ತದೆ, ಗೆಡ್ಡೆ ತೋರಿಸುವ ಬಿಳಿ ಕಲೆ ಮಾಯ. ಗೆಡ್ಡೆಯೂ ಹೋಗಿದೆಯೋ, ಇಲ್ಲ ಹಳೆಯ ನಾಳಗಳಿಗೆ ಅಂಟಿಕೊಂಡು ಸದ್ದಿಲ್ಲದೆ ಹರಡುತ್ತಿದೆಯೋ — ಅದು ಸ್ಲೈಡಿನಲ್ಲೇ ಗೊತ್ತಾಗಬೇಕು. ಔಷಧ ತಗೋ ಎಂದು ಅಕ್ಕನ ಬೆನ್ನು ಹತ್ತಿದವಳು ನಾನು. ಅವಳ ಸ್ಕ್ಯಾನ್ ಎಲ್ಲರದ್ದಕ್ಕಿಂತ ಚೊಕ್ಕಟ. ಅದನ್ನು ನಂಬಿಯೇ ಮುಂದಿನ ತಿಂಗಳು ಅದೇ ಜೋಡಿ ದೋಷದ ಹೊಸ ಆರು ಜನರಿಗೆ ಇದೇ ಔಷಧ ಶುರು.

ಕೌಂಟರ್ ಕೆಳಗಿಟ್ಟ ಮೇಲೂ ಟಿಕ್ ಕೇಳಿಸಿತು. ತಿರುಗಿದೆ. ಗೂಬೆ ಊಟಕ್ಕೆ ಹೋಗಿದ್ದ. ಯಾರೂ ಇರಲಿಲ್ಲ.

ಮಾರ್ಚ್ 11

ಗೂಬೆಯ ಲೆಕ್ಕ ಹತ್ತೊಂಬತ್ತು. ನನ್ನದು ನಾಲ್ಕು.

ಇಷ್ಟು ವ್ಯತ್ಯಾಸ ಬಂದರೆ ಇಬ್ಬರೂ ಒಟ್ಟಿಗೆ ಕೂತು ನೋಡಬೇಕು. ಕೂತೆವು. ಅವನು ಪೆನ್ಸಿಲ್‌ನಿಂದ ಸ್ಕ್ರೀನಿನ ಮೇಲೆ ತೋರಿಸುತ್ತಾ ಹೋದ. ಇದು. ಇದು. ಇದು. ಎಲ್ಲವೂ ಇದ್ದವು — ನಾಳದ ಸುತ್ತ ಕೋಶಗಳು, ಸಕ್ಕರೆಗೆ ಇರುವೆ ಮುತ್ತಿದಂತೆ. ಅಂದು ನಾನು ನೋಡಿದ್ದು ಇದನ್ನೇ. ನೋಡಿಯೂ ಒತ್ತಿರಲಿಲ್ಲ. ಕಣ್ಣಿದ್ದೂ ಕುರುಡಿ.

ಗೂಬೆ ತಮಾಷೆ ಮಾಡಲಿಲ್ಲ. ಮೆಲ್ಲಗೆ ಕೇಳಿದ, "ಇದು ಯಾರದು ಅಂತ ನಿಂಗೆ ಗೊತ್ತು ಅಲ್ವಾ?"

ಮಾರ್ಚ್ 12

ಮೇಡಂ ಹತ್ತಿರ ಎಲ್ಲ ಹೇಳಿದೆ. ಪಟ್ಟಿ, ಪ್ರಿಂಟರ್, ನಾಲ್ಕು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ನನ್ನ ಲೆಕ್ಕ ರದ್ದು. ಮೂರನೆಯವರು ಎಣಿಸುತ್ತಾರೆ. ನಾನು ರಜೆ.

ಮಾರ್ಚ್ 19

ಮೂರನೆಯವರದ್ದು ಹದಿನೆಂಟು. ಮೇಡಂ ಫೋನ್ ಮಾಡಿದ್ದರು. ಒಂದು ಸ್ಲೈಡಿನಿಂದ ಆರು ಜನರ ಔಷಧ ನಿಲ್ಲಿಸಲು ಟ್ರಯಲಿನ ಕಮಿಟಿ ಒಪ್ಪುವುದಿಲ್ಲವಂತೆ. ಕೊನೆಗಾಲದಲ್ಲಿ ಹರಡಿದ್ದು ಎಂದು ತಳ್ಳಿಹಾಕುತ್ತಾರಂತೆ. "ಸ್ಕ್ಯಾನ್ ಚೆನ್ನಾಗಿದ್ದಾಗಲೇ ನಿಮ್ಮಕ್ಕನಿಗೆ ಏನಾದ್ರೂ ತೊಂದರೆ ಇತ್ತಾ? ಫೈಲಲ್ಲಿ ಏನೂ ಇಲ್ಲ ಅಂತ ಇದೆ."

ಫೈಲಿನಲ್ಲಿ ಹಾಗೆ ಬರೆಸಿದವಳು ನಾನು.

ಆಗಸ್ಟ್ ಹದಿನಾಲ್ಕು. ಬಿಳಿ ಕಲೆ ಪೂರ್ತಿ ಹೋದ ದಿನ. ಜೊತೆಗೆ ಯಾರು ಬಂದಿದ್ದಾರೆ ಎಂದು ಡಾಕ್ಟರ್ ಅಕ್ಕನನ್ನು ಕೇಳಿದರು. ಅಕ್ಕ ನನ್ನ ಮುಖ ನೋಡಿದಳು. ನಕ್ಕಳು. ಸುಮ್ಮನಿದ್ದಳು. ನಾನೇ ಬಾಯಿ ಹಾಕಿದೆ — ತಂಗಿ, ಇವತ್ತು ಖುಷಿಗೆ ಇವಳಿಗೆ ಮಾತೇ ಹೊರಡುತ್ತಿಲ್ಲ ಎಂದೆ. ಎಲ್ಲರೂ ನಕ್ಕರು. ತೊಂದರೆ ಏನಾದರೂ? ಏನೂ ಇಲ್ಲ ಡಾಕ್ಟ್ರೇ, ಎಂದದ್ದೂ ನಾನೇ.

ಅದಕ್ಕೂ ಮುಂಚೆ ಒಂದು ದಿನ ಅಡುಗೆಮನೆಯಲ್ಲಿ ಹೇಳಿದ್ದಳು, ತಲೆಯೊಳಗೆ ಏನೋ ಸರಿಯಿಲ್ಲ ಕಣೇ ಎಂದು. ಸ್ಕ್ಯಾನ್ ನೋಡು ಎಂದೆ. "ಅಂಗೈ ಹುಣ್ಣಿಗೆ ಕನ್ನಡಿ ಯಾಕೆ?" ಎಂದಳು. ಸೋಮಾರಿತನಕ್ಕೆ ನೆಪ ಎಂದು ರೇಗಿದ್ದೆ. ಆಮೇಲೆ ಅವಳು ಆ ಮಾತೇ ಎತ್ತಲಿಲ್ಲ.

ಮಾರ್ಚ್ 22. ಸಂಜೆ

ಭಾವನ ಮನೆಗೆ ಹೋಗಿದ್ದೆ. ಅವಳ ಚಪ್ಪಲಿ ಇನ್ನೂ ಬಾಗಿಲ ಹತ್ತಿರವೇ ಇದೆ. ಅಕ್ಕ ಏನಾದರೂ ಬರೆದಿಟ್ಟಿದ್ದಳಾ ಎಂದು ಕೇಳಿದೆ. ಬೀರುವಿನಿಂದ ಒಂದು ನೋಟ್‌ಬುಕ್ ತಂದುಕೊಟ್ಟರು. "ನಂಗೇನೂ ಅರ್ಥ ಆಗ್ಲಿಲ್ಲಮ್ಮ. ಬರೀ ಚಿತ್ರ. ಬೇಜಾರಿಗೆ ಗೀಚ್ತಿದ್ಳು ಅನ್ಕೊಂಡೆ."

ಇಲ್ಲೇ ಮೇಜಿನ ಮೇಲಿದೆ. ತೆರೆಯಲು ಧೈರ್ಯವಿಲ್ಲ. ಹಾಳಾದ ಟಿಕ್ ಮಾತ್ರ ನಿಂತಿಲ್ಲ.

ಮಾರ್ಚ್ 23, ಭಾನುವಾರ. ಬೆಳಿಗ್ಗೆ 11

ತೆರೆದೆ. ಪುಟಕ್ಕೊಂದು ಚಿತ್ರ, ಮೇಲೆ ತಾರೀಖು. ಮೇ 9 ಬಾಚಣಿಗೆ. ಜೂನ್ 2 ಚಮಚ. ಜೂನ್ 20 ಬೀಗ. ಜುಲೈನಲ್ಲಿ ಎಂಟು — ಕಿಟಕಿ, ಕೊಡೆ, ಸೂಜಿ... ಚಿತ್ರದ ಕೆಳಗೆ ಏನೋ ಬರೆಯಲು ಹೋಗಿ ಹೊಡೆದುಹಾಕಿದ್ದಾಳೆ. ಎಲ್ಲದರ ಕೆಳಗೂ. ಐದಾರು ಪುಟ ತಿರುಗಿಸಿದ ಮೇಲೆ ತಿಳಿಯಿತು. ಇವು ಅವಳಿಗೆ ಸಿಗದೇ ಹೋದ ಹೆಸರುಗಳು. ಹೋದಹೋದ ದಿನವೇ ಗುರುತು ಹಾಕಿಟ್ಟಿದ್ದಾಳೆ. ಅವಳೂ ಎಣಿಸುತ್ತಿದ್ದಳು. ಒಂದನ್ನೂ ಬಿಟ್ಟಿಲ್ಲ.

ಸ್ಕ್ಯಾನಿನ ಕಲೆ ಕರಗುತ್ತಿದ್ದ ತಿಂಗಳುಗಳಲ್ಲೇ ಇಷ್ಟು ಹೆಸರು ಹೋಗಿವೆ. ಕಮಿಟಿಗೆ ಇಷ್ಟು ಸಾಕು. ನಾಳೆ ಬೆಳಿಗ್ಗೆಯೇ ಮೇಡಂ ಕೈಗೆ ಕೊಡುತ್ತೇನೆ. ಫೈಲಿನಲ್ಲಿರುವ "ಏನೂ ಇಲ್ಲ" ನನ್ನ ಸುಳ್ಳು ಎಂದು ಬರೆದುಕೊಡುತ್ತೇನೆ. ಆ ಆರು ಜನರಾದರೂ...

11.40

ಇನ್ನೊಂದು ಪುಟವಿತ್ತು. ಎರಡು ಹಾಳೆ ಅಂಟಿಕೊಂಡಿದ್ದವು, ನೋಡಿರಲಿಲ್ಲ.

ಆಗಸ್ಟ್ 14. ಒಬ್ಬ ಹೆಂಗಸು. ಗಿಡ್ಡ ಕೂದಲು. ಒಂದು ಕಡೆಗೆ ವಾಲಿದ ಕತ್ತು. ಬಲಗೈಯಲ್ಲಿ ಕೌಂಟರ್. ನಗುತ್ತಿದ್ದಾಳೆ. ಕೆಳಗೆ ಹೊಡೆದುಹಾಕಿದ ಗೆರೆಗಳು. ಎಲ್ಲ ಚಿತ್ರಗಳಿಗಿಂತ ಜಾಸ್ತಿ. ಹಾಳೆ ಹರಿಯುವಷ್ಟು.

ನಾನು ಕಣೇ. ಅಕ್ಕಾ, ನಾನು, ನಿನ್ನ