ಈ ಸಲ ಇಂಜೆಕ್ಷನ್ ಬೇಕು

ರೀ,

ನೋವು ಶುರುವಾಗಿದೆ. ಫೋನ್ ಮಾಡಿ ಮಾಡಿ ಸಾಕಾಯಿತು, ನೀವು ಎತ್ತಲಿಲ್ಲ. ಕ್ಲಿನಿಕ್ಕಿನಲ್ಲಿ ಯಾರದೋ ಹಲ್ಲು ಕೀಳುತ್ತಿರಬೇಕು. ನಿಮ್ಮಕ್ಕನ ಜೊತೆ ಆಸ್ಪತ್ರೆಗೆ ಹೊರಟಿದ್ದೇನೆ.

ಮಗಳನ್ನು ಶಾಲೆಯಿಂದ ಕರೆತನ್ನಿ. ಹಾಲಿನ ಕೆನೆ ತೆಗೆದು ಕೊಡಿ, ಇಲ್ಲದಿದ್ದರೆ ಮುಟ್ಟುವುದಿಲ್ಲ. ಮಹಡಿ ಮೇಲೆ ಬಟ್ಟೆ ಒಣಗಿದೆ. ಮಡಚುವ ಉಪಕಾರವೇನೂ ಬೇಡ, ತಂದು ಮಂಚದ ಮೇಲೆ ಸುರಿದರೆ ಸಾಕು.

ಹೆರಿಗೆ ಕೋಣೆಯೊಳಗೆ ನೀವು ಬರಬೇಡಿ. ನಿಮ್ಮಕ್ಕ ಇರುತ್ತಾರೆ. ನಾನು ಕೇಳಿದ ತಕ್ಷಣ ನೋವು ತಿಳಿಯದ ಹಾಗೆ ಬೆನ್ನಿಗೆ ಇಂಜೆಕ್ಷನ್ ಕೊಡಿಸಬೇಕು ಎಂದು ಅವರಿಗೆ ಹೇಳಿದ್ದೇನೆ.

ಹೌದು, ಹೋದ ಸಲ "ಇಂಜೆಕ್ಷನ್ ಬೇಡ, ತಡ್ಕೋತೀನಿ" ಎಂದವಳು ನಾನೇ. ಅದನ್ನು ಹೇಳಿದ್ದು ಸೋಫಾ ಮೇಲೆ ಕಾಲು ಚಾಚಿ ಕೂತು. ಆಸ್ಪತ್ರೆಯಲ್ಲಿ ಮಂಚದ ಕಂಬಿ ಹಿಡಿದು "ಬೇಕು, ಕೊಡಿಸಿ" ಎಂದು ಅಂಗಲಾಚಿದವಳೂ ನಾನೇ. ನೀವು ಡಾಕ್ಟರಿಗೆ, "ನೋವಲ್ಲಿ ಏನೋ ಹೇಳ್ತಿದ್ದಾಳೆ. ಬೇಡ ಅಂತ ಮೊದ್ಲೇ ತೀರ್ಮಾನ ಮಾಡಿದೀವಿ" ಎಂದಿರಿ. ಈಗಲೂ ನಿಮ್ಮ ಕುರ್ಚಿಯಲ್ಲಿ ಹೆದರಿ ಕೂತವರಿಗೆಲ್ಲ "ನನ್ನ ಹೆಂಡ್ತಿ ಇಂಜೆಕ್ಷನ್ನೇ ಇಲ್ದೆ ಹೆತ್ಲು" ಎಂದು ಕೊಚ್ಚಿಕೊಳ್ಳುತ್ತೀರಿ.

ಅದೇ ಕುರ್ಚಿಯಲ್ಲಿ ಕೂತವರಿಗೆ, ವಸಡು ಮರಗಟ್ಟಿಸಿದ ಮೇಲೂ, "ನೋವಾದ್ರೆ ಎಡಗೈ ಎತ್ತಿ, ಅಲ್ಲೇ ನಿಲ್ಲಿಸ್ತೀನಿ" ಎನ್ನುತ್ತೀರಿ. ನಿಲ್ಲಿಸುತ್ತೀರಿ ಕೂಡ. ಕಣ್ಣಾರೆ ನೋಡಿದ್ದೇನೆ.

ಕಾರು ಬಂತು. ಗೀಸರ್ ಆರಿಸುವುದು ಮರೆಯಬೇಡಿ.

ಆವತ್ತು ನನ್ನ ಎಡಗೈ ನಿಮ್ಮ ಕೈಯಲ್ಲೇ ಇತ್ತು.