ತಾತನ ನೀರು ಕುಡಿದವಳಿಗೆ

ನಾಯರೆತ್,

"ಅಮ್ಮಾ, ಆ ಹಾಳು ಗಣಿ ಕಡೆ ತಲೆ ಹಾಕಿಯೂ ಮಲಗಲ್ಲ" ಅಂದಿದ್ದೆಯಲ್ಲ? ಇವತ್ತು ಅದೇ ಗಣಿಯಲ್ಲಿ, ತಾತ ಸತ್ತ ಜಾಗದಲ್ಲಿ ಕಟ್ಟಿದ ಅವರ ನೆನಪಿನ ಗೂಡಿಗೆ ಹೂವಿಡಲು ಹೋಗಿದ್ದೆ. ಹೋದ ವಾರ ಅವರಿಗೆಂದು ಇಟ್ಟಿದ್ದ ನೀರಿನ ಬಾಟಲಿ ಖಾಲಿ. ಸುತ್ತಲೂ ನಿನ್ನ ಓಟದ ಬೂಟಿನ ಗುರುತು, ಅವರು ಬಿದ್ದು ಸತ್ತ ಗುಂಡಿಯಿಂದ ಎರಡೇ ಹೆಜ್ಜೆ!

ಆ ನೀರು ಕುಡಿದದ್ದಕ್ಕೆ ಕೋಪವಿಲ್ಲ. ಬದುಕಿದ್ದರೆ ತಾತನೇ ಕೊಡುತ್ತಿದ್ದರು. ಅಟಕಾಮಾದಲ್ಲಿ ಹುಟ್ಟಿ ಬೆಳೆದವಳು ಮರಳುಗಾಡಿಗೆ ಹನಿ ನೀರೂ ಇಲ್ಲದೆ ಬರಿಗೈಯಲ್ಲಿ ಓಡಿದ್ದೀಯಲ್ಲ, ಅದಕ್ಕೆ ಮೈ ಉರಿಯುತ್ತಿದೆ.

ರಾತ್ರಿ ಪಾಳಿಗೆ ಹೊರಟಿದ್ದೇನೆ. ನಿನ್ನ ಬೂಟು ನನ್ನ ಚೀಲದಲ್ಲಿದೆ, ಹುಡುಕಬೇಡ. ಬೀನ್ಸ್ ಕಾಳಿನ ಸಾರು ಒಲೆಯ ಮೇಲಿದೆ, ಮುನಿಸಿಕೊಂಡು ಉಪವಾಸ ಮಲಗಬೇಡ. ನಾನು ಬಂದ ಮೇಲೆ ಇಬ್ಬರೂ ನಡೆದೇ ಹೋಗಿ ಬಾಟಲಿ ತುಂಬಿಸಿಟ್ಟು ಬರೋಣ.

ನಾನು ನೀರಿಡುವ ಗೂಡು ಅಲ್ಲಿ ಒಂದೇ ಇರಲಿ.

ಅಮ್ಮ