ಸಿನಿಮಾದ ಅಡಗಿಯವ ಮನಿ ಮುಟ್ಟಿದ

ಅಜ್ಜಾ,

ನಾ ರಾಯಬಾಗಕ್ಕ ಪರೀಕ್ಷಾಕ್ಕ ಹೊಂಟೀನಿ. ರೊಟ್ಟಿ ಬುಟ್ಟ್ಯಾಗ ಅದಾವ, ಮಜ್ಜಿಗಿ ಗಡಗ್ಯಾಗ ಐತಿ.

ಆ ಕಾಲಯಂತ್ರದ ಸಿನಿಮಾದ ಮೂರನೇ ಭಾಗ ನೋಡಿದಾಗಿಂದ, "ಅಡಗಿಯವನ್ನ ರಾಜನ ಕಾಲದಾಗ ಬಿಟ್ಟು ಉಳದಾವ್ರು ಹೆಂಗ ಬಂದ್ರು? ಒಂದ ಕುರಿ ಕಮ್ಮಿ ಬಿದ್ರೂ ನಾ ದಡ್ಡಿ ಬಾಗಲಾ ಹಾಕಂಗಿಲ್ಲ" ಅಂತ ವರ್ಷಗಟ್ಲೆ ನನ್ನ ತಲಿ ತಿಂದಿ. ಈಗ ಅದರ ಮುಂದಿನ ಕತಿ ಚಿತ್ರದ ಪುಸ್ತಕ ಆಗಿ ಬಂದೈತಿ. ನಿನ್ನ ದಿಂಬಿನ ಕೆಳಗ ಇಟ್ಟೀನಿ. ಇಂಗ್ಲಿಷ್ ಮಾತಿನ ಬಾಜೂಕ ಪೆನ್ಸಿಲ್‌ಲೆ ಕನ್ನಡ ಬರದೀನಿ. ತಂಬಾಕದ ಬೆರಳ ಹಚ್ಚಬ್ಯಾಡ. ಮರಿ ಬಾಯಿಗೂ ಸಿಗಬಾರದು, ನೋಡು.

ಮೂವತ್ತೊಂದನೇ ಪುಟದಾಗ ನೀನ ಎಣಿಸು. ಅಡಗಿಯವನ್ನ ಹಿಡದು ಮೊದಲ ಹೋದಾವ್ರು ನಾಕ ಮಂದಿ, ಹೊಳ್ಳಿ ಬಂದಾವ್ರು ಐದ ಮಂದಿ. ಅಡಗಿಯವ ರಾಜನ ಅಡಗಿಮನ್ಯಾಗ ಮದುವಿ ಆಗಿ ಹೆಂಡ್ತಿನೂ ಕರಕೊಂಡ ಬಂದಾನ, ಖೋಡಿ! ನನಗೂ ಜೀವ ತಣ್ಣಗಾತು.

ಇನ್ನರ ದಡ್ಡಿ ಬಾಗಲಾ ಹಾಕು.

— ರಾಜೇಶ್ವರಿ